ತೋಟದಲ್ಲಿ ಕಟ್ಟುವ ತಂತಿ ಆಂಟೆನಾ: ಉದ್ದಕ್ಕಿಂತ ಮೊದಲು ಎತ್ತರ ನೋಡಿ

ಪ್ರಶ್ನೆ: ಸರ್, ನಾನು ಹೊಸ ಹ್ಯಾಮ್ (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವ). ಊರು ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟ ಇದೆ. ರೇಡಿಯೊ ಸೆಟ್ ಮೈಕ್ರೋ ಬಿಟ್‌ಎಕ್ಸ್, ಸುಮಾರು 10 ವಾಟ್. 17 ಮೀಟರ್ ತಂತಿಗೆ, ಅದರ ತಡೆಯನ್ನು ಒಂಬತ್ತನೇ ಒಂದಕ್ಕೆ ಇಳಿಸುವ 9:1 ಟ್ರಾನ್ಸ್‌ಫಾರ್ಮರ್ ಹಾಕಿ ಮನೆಯ ಸೂರಿನಿಂದ ಬೇಲಿಯವರೆಗೆ ಎಳೆದಿದ್ದೇನೆ. ಎತ್ತರ 3 ಮೀಟರ್ ಇರಬಹುದು. ಟ್ಯೂನರ್ (ಸೆಟ್‌ಗೂ ಆಂಟೆನಾಗೂ ಹೊಂದಿಸುವ ಪೆಟ್ಟಿಗೆ) ಹಾಕಿದರೆ ಎಸ್‌ಡಬ್ಲ್ಯೂಆರ್ (ಹೊಂದಾಣಿಕೆಯ ಅಳತೆ, 1 ಅಂದರೆ ಪೂರ್ತಿ ಹೊಂದಿದೆ) 1.3 ಬರುತ್ತದೆ. 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್) ಬೆಂಗಳೂರಿನವರು ಚೆನ್ನಾಗಿ ಕೇಳಿಸುತ್ತಾರೆ, ಆದರೆ ನಾನು ಕರೆದರೆ ಯಾರೂ ಉತ್ತರ ಕೊಡುವುದಿಲ್ಲ. ತಂತಿಯ ಉದ್ದ ತಪ್ಪಿದೆಯೇ? ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಎಲ್ಲಿ ಬೇಕಾದರೂ ಕಟ್ಟುವಂಥ ಆಂಟೆನಾ ಹೇಗೆ ಮಾಡಿಕೊಳ್ಳಲಿ? ಟಿವಿ ಕೇಬಲ್ ನಡೆಯುತ್ತದೆಯೇ? ಅಡಿಕೆ ಕೊಯ್ಯುವ ದೋಟಿಯನ್ನೇ ಕಂಬ ಮಾಡಿಕೊಳ್ಳಬಹುದೇ?

ಉತ್ತರ: ಉದ್ದದಲ್ಲಿ ಅಂಥ ತೊಂದರೆ ಏನಿಲ್ಲ. ತೊಂದರೆ ಇರುವುದು ಎತ್ತರದಲ್ಲಿ. 40 ಮೀಟರ್ ಬ್ಯಾಂಡಿಗೆ 3 ಮೀಟರ್ ಎತ್ತರ ಅಂದರೆ ತಂತಿ ನೆಲದ ಮೇಲೆ ಮಲಗಿದ ಲೆಕ್ಕವೇ. ನಿಮ್ಮ 10 ವಾಟ್‌ನಲ್ಲಿ ದೊಡ್ಡ ಪಾಲು ಮಣ್ಣನ್ನು ಬಿಸಿ ಮಾಡಲಿಕ್ಕೆ ಹೋಗುತ್ತಿದೆ. ಎಸ್‌ಡಬ್ಲ್ಯೂಆರ್ ಮೀಟರಿಗೆ ಇದು ಗೊತ್ತಾಗುವುದಿಲ್ಲ. ಹೊರಟ ಪವರ್ ವಾಪಸ್ ಬಂತೋ ಇಲ್ಲವೋ, ಅಷ್ಟು ಮಾತ್ರ ಅದು ಹೇಳುತ್ತದೆ. ವಾಪಸ್ ಬರದ ಪವರ್ ಆಕಾಶಕ್ಕೆ ಹೋಯಿತೋ, ನೆಲಕ್ಕೆ ಹೋಯಿತೋ, ಟ್ರಾನ್ಸ್‌ಫಾರ್ಮರ್ ಕೋರ್‌ನಲ್ಲಿ ಶಾಖವಾಯಿತೋ ಅನ್ನುವುದು ಅದಕ್ಕೆ ತಿಳಿಯದು. ಆಂಟೆನಾ ಬದಲು 50 ಓಮ್‌ನ ಡಮ್ಮಿ ಲೋಡ್ (ಪವರನ್ನೆಲ್ಲ ಶಾಖವಾಗಿ ನುಂಗುವ ರೆಸಿಸ್ಟರ್) ಹಾಕಿ ನೋಡಿ, ಎಸ್‌ಡಬ್ಲ್ಯೂಆರ್ 1.0 ಬರುತ್ತದೆ. ಅದರಲ್ಲಿ ಪಕ್ಕದ ಊರಿಗೂ ಮಾತು ಮುಟ್ಟುವುದಿಲ್ಲ. ನಿಮ್ಮ ವಿಷಯದಲ್ಲಿ ಇನ್ನೂ ಒಂದಿದೆ. ಟ್ಯೂನರ್ ದಾಟಿದ ಮೇಲೆ ಬರುವ 1.3 ಅನ್ನುವುದು ಟ್ಯೂನರ್‌ನ ಸಮಾಚಾರ, ಆಂಟೆನಾದ್ದಲ್ಲ.

ಅವರು ನಿಮಗೆ ಕೇಳಿಸಿ ನೀವು ಅವರಿಗೆ ಕೇಳಿಸದೇ ಇರಲು ಎರಡು ಕಾರಣ. ಅವರಲ್ಲಿ ಹೆಚ್ಚಿನವರ ಸೆಟ್ 100 ವಾಟ್‌ನದು. ನಿಮಗಿಂತ 10 ಡೆಸಿಬೆಲ್, ಅಂದರೆ ಹತ್ತು ಪಟ್ಟು, ಮೇಲೆ. ಎರಡನೆಯದು ಗದ್ದಲ. ಬೆಂಗಳೂರಿನ ಮನೆಗಳ ಸುತ್ತ ಎಲ್‌ಇಡಿ ಬಲ್ಬ್, ಯುಪಿಎಸ್, ಚಾರ್ಜರ್‌ಗಳ ಗದ್ದಲ ರೇಡಿಯೊದಲ್ಲಿ ಸದಾ ಗುಂಯ್‌ಗುಡುತ್ತಿರುತ್ತದೆ. ನಿಮ್ಮ ತೋಟ ಪ್ರಶಾಂತ. ಸಣ್ಣ ಸಿಗ್ನಲ್ ನಿಮಗೆ ಕೇಳುತ್ತದೆ, ಅವರಿಗೆ ಕೇಳುವುದಿಲ್ಲ. ಅವರ ಗದ್ದಲ ನಿಮ್ಮ ಕೈಯಲ್ಲಿಲ್ಲ. ಆಂಟೆನಾ ಮಾತ್ರ ನಿಮ್ಮ ಕೈಯಲ್ಲಿದೆ, ಅದರಲ್ಲಿ ಗಳಿಸಲು ಬೇಕಾದಷ್ಟು ಜಾಗವೂ ಇದೆ.

ತಂತಿ ಕತ್ತರಿಸುವ ಮೊದಲು ಒಂದು ನಿರ್ಧಾರ ಮಾಡಿ. ಯಾರ ಜೊತೆ ಮಾತಾಡಬೇಕು? ತೀರ್ಥಹಳ್ಳಿಯಿಂದ ಬೆಂಗಳೂರಿಗೆ ನೇರ ದೂರ ಸುಮಾರು 260 ಕಿ.ಮೀ. ಸಿಗ್ನಲ್ ಸುಮಾರು 300 ಕಿ.ಮೀ. ಮೇಲಿರುವ ಅಯಾನುಗೋಳದ ಪದರಕ್ಕೆ ಹೋಗಿ ಅಲ್ಲಿಂದ ಕೆಳಗಿಳಿಯಬೇಕು. ಹಾಗಾಗಿ ನಿಮ್ಮ ಸಿಗ್ನಲ್ 60 ಡಿಗ್ರಿಗೂ ಮೇಲಿನ ಕೋನದಲ್ಲಿ, ಹತ್ತಿರಹತ್ತಿರ ನೆತ್ತಿಯ ಮೇಲಕ್ಕೇ ಹೋಗಬೇಕು. ಹ್ಯಾಮ್‌ಗಳು ಇದನ್ನು ಎನ್‌ವಿಐಎಸ್ ಅನ್ನುತ್ತಾರೆ. ಬೆಳಗಿನ ನೆಟ್‌ಗಳಲ್ಲಿ (ಹ್ಯಾಮ್‌ಗಳು ಗೊತ್ತಾದ ಹೊತ್ತಿಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುವ ಕೂಟ) ಮೈಸೂರು, ಹುಬ್ಬಳ್ಳಿ, ಕಲಬುರಗಿಯವರೆಲ್ಲ ಒಟ್ಟಿಗೆ ಕೂಡಿ ಮಾತಾಡುವುದು ಇದರ ಬಲದ ಮೇಲೆಯೇ. ನಡುವೆ ಗುಡ್ಡ ಇದ್ದರೂ ಲೆಕ್ಕಕ್ಕಿಲ್ಲ. ವಿಎಚ್‌ಎಫ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸಣ್ಣ ಸೆಟ್) ಸತ್ತುಹೋಗುವ ಘಟ್ಟದ ಕಣಿವೆಯಿಂದಲೂ 7 ಮೆಗಾಹರ್ಟ್ಸ್ ಸಲೀಸಾಗಿ ಹೊರಗೆ ಬರುತ್ತದೆ. ಮಲೆನಾಡಿನ ಪ್ರತಿ ಹ್ಯಾಮ್ ಹತ್ತಿರವೂ ಇಂಥ ಒಂದು ತಂತಿ ಸುತ್ತಿಟ್ಟಿರಬೇಕು ಅನ್ನುವುದು ನನ್ನ ಹಟ. ಮಳೆಗಾಲದಲ್ಲಿ ಧರೆ ಕುಸಿದು ರಸ್ತೆ ಮುಚ್ಚಿ, ಕರೆಂಟ್ ಹೋಗಿ, ಮೊಬೈಲ್ ಟವರ್ ಮಲಗಿದಾಗ ಒಂದು ಬ್ಯಾಟರಿ, ಒಂದು ಸೆಟ್, ಒಂದು ತಂತಿ ಸಾಕು. 2004ರ ಡಿಸೆಂಬರ್‌ನಲ್ಲಿ ಸುನಾಮಿ ಅಂಡಮಾನ್‌ಗೆ ಬಡಿದಾಗ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ಪೋರ್ಟ್‌ಬ್ಲೇರ್‌ನಲ್ಲಿ ಹವ್ಯಾಸಕ್ಕಾಗಿಯೇ ರೇಡಿಯೊ ಹಾಕಿಕೊಂಡು ಕೂತಿತ್ತು. ಅದೇ ರೇಡಿಯೊ ದ್ವೀಪದವರ ಸುದ್ದಿಯನ್ನು ದೇಶದ ಮುಖ್ಯ ಭೂಭಾಗಕ್ಕೆ ತಲುಪಿಸಿತು.

ಈ ಕೆಲಸಕ್ಕೆ ಆಂಟೆನಾ ಬಹಳ ಎತ್ತರ ಇರಬೇಕಿಲ್ಲ, ಹಾಗಂತ ಬೇಲಿ ಎತ್ತರವೂ ಸಾಲದು. ನಡುಭಾಗ 8ರಿಂದ 10 ಮೀಟರ್ ಮೇಲಿದ್ದರೆ ಬೇಕಾದಷ್ಟಾಯಿತು. 40 ಮೀಟರ್ ಬ್ಯಾಂಡಿನಲ್ಲಿ 9 ಮೀಟರ್ ಅಂದರೆ ಅಲೆಯ ಉದ್ದದ ಐದನೇ ಒಂದು ಭಾಗ. ಆ ಎತ್ತರದ ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡು ರೆಕ್ಕೆಯ ತಂತಿ ಆಂಟೆನಾ) ಹೆಚ್ಚಿನ ಶಕ್ತಿಯನ್ನು ನೇರ ಮೇಲಕ್ಕೆ ಕಳಿಸುತ್ತದೆ. ನಿಮಗೆ ಬೇಕಾದದ್ದೂ ಅದೇ. ಅದೇ 9 ಮೀಟರ್ ಎತ್ತರ 20 ಮೀಟರ್ ಬ್ಯಾಂಡಿಗೆ (14 ಮೆಗಾಹರ್ಟ್ಸ್) ಅರ್ಧ ಅಲೆಗೆ ಹತ್ತಿರ. ಅಲ್ಲಿ ಸಿಗ್ನಲ್ ಸುಮಾರು 35 ಡಿಗ್ರಿಗೆ ಬಾಗಿ ದೂರದ ದೇಶಗಳ ಕಡೆ ಹೋಗುತ್ತದೆ. ಒಂದೇ ಹಗ್ಗ, ಒಂದೇ ಕಂಬ, ಹಗಲು ಊರವರ ಜೊತೆ 40ರಲ್ಲಿ, ಬೇಕೆನಿಸಿದಾಗ ಹೊರದೇಶದವರ ಜೊತೆ 20ರಲ್ಲಿ. ಆದ್ದರಿಂದ ಮೊದಲ ಆಂಟೆನಾ ಯಾವುದು ಅಂದರೆ ನನ್ನ ಉತ್ತರ ಒಂದೇ: ಲಿಂಕ್ ಹಾಕಿದ ಇನ್ವರ್ಟೆಡ್ ವಿ. ನಡುವೆ ಎತ್ತಿ ಕಟ್ಟಿದ ಡೈಪೋಲ್, ಎರಡೂ ರೆಕ್ಕೆ ಕೆಳಗೆ ಇಳಿಬಿಟ್ಟದ್ದು, ಪ್ರತಿ ರೆಕ್ಕೆಯ ಮಧ್ಯದಲ್ಲಿ ಬಿಚ್ಚಿ ಹಾಕಬಹುದಾದ ಒಂದು ಜೋಡಣೆ. ಜೋಡಣೆ ಬಿಚ್ಚಿದರೆ 20, ಹಾಕಿದರೆ 40.

ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅರ್ಧ ಅಲೆಯ ಡೈಪೋಲ್‌ನ ಉದ್ದ ಮೀಟರ್‌ನಲ್ಲಿ ಬರುತ್ತದೆ. ನಮ್ಮ ದೇಶದಲ್ಲಿ 40 ಮೀಟರ್ ಬ್ಯಾಂಡ್ 7.000ರಿಂದ 7.200ರವರೆಗೆ. ನಡುವಿನ 7.1 ಹಿಡಿದರೆ ಒಟ್ಟು 20.1 ಮೀಟರ್, ಒಂದು ರೆಕ್ಕೆಗೆ 10.05. 20 ಮೀಟರ್ ಬ್ಯಾಂಡಿಗೆ 14.2 ಹಿಡಿದರೆ ಒಂದು ರೆಕ್ಕೆಗೆ 5.03. ಇದು ಬರಿ ತಾಮ್ರಕ್ಕೆ. ನೀವು ಬಳಸುವುದು ಪಿವಿಸಿ ಹೊದಿಕೆಯ ವೈರ್. ಹೊದಿಕೆ ಅಲೆಯನ್ನು ಕೊಂಚ ನಿಧಾನ ಮಾಡುತ್ತದೆ, ರೆಕ್ಕೆ ಇಳಿಬಿಟ್ಟಾಗ ತುದಿಗಳು ನೆಲಕ್ಕೆ ಹತ್ತಿರ ಬರುತ್ತವೆ. ಎರಡೂ ಸೇರಿ ಕೊನೆಗೆ 3ರಿಂದ 5 ಶೇಕಡಾ ಚಿಕ್ಕದಾಗುತ್ತದೆ. ಮೊದಲೇ ಚಿಕ್ಕದು ಮಾಡಬೇಡಿ. ಲೆಕ್ಕದ ಉದ್ದಕ್ಕೆ ಒಂದು ಗೇಣು ಹೆಚ್ಚೇ ಇಟ್ಟು ಕತ್ತರಿಸಿ, ಕಟ್ಟಿ, ಅಳೆದು, ಆಮೇಲೆ ಇಳಿಸುತ್ತ ಬನ್ನಿ.

ವೈರ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಲೆಕ್ಟ್ರಿಕಲ್ ಅಂಗಡಿಯ 0.75 ಚದರ ಮಿ.ಮೀ. ಫ್ಲೆಕ್ಸಿಬಲ್ ವೈರ್ ಧಾರಾಳ ಸಾಕು. ಇನ್ನೂ ಹಗುರ ಬೇಕಾದರೆ ಸ್ಪೀಕರ್‌ಗೆ ಹಾಕುವ ಜೋಡಿ ವೈರ್ ತಂದು ಎರಡಾಗಿ ಸೀಳಿ, ಎರಡು ರೆಕ್ಕೆಯೂ ಒಂದೇ ಸಲ ಸಿಗುತ್ತವೆ. ದಪ್ಪ ವೈರ್‌ನಿಂದ ನಿಮ್ಮ 10 ವಾಟ್‌ಗೆ ಲಾಭ ಇಲ್ಲ, ಹೊರುವ ಭಾರ ಮಾತ್ರ. ನಡುವಿನ ತುಂಡಿಗೆ ಅಡುಗೆಮನೆಯ ಹಳೆ ಪ್ಲಾಸ್ಟಿಕ್ ತರಕಾರಿ ಹಲಗೆಯನ್ನು ಅಂಗೈಯಗಲ ಕತ್ತರಿಸಿ. ಮೇಲೆ ಹಗ್ಗಕ್ಕೆ ಒಂದು ತೂತು, ಕೆಳಗೆ ಕೇಬಲ್ ಸಿಕ್ಕಿಸುವ ಬಿಎನ್‌ಸಿ ಸಾಕೆಟ್‌ಗೆ ಒಂದು, ಎಡಬಲಕ್ಕೆ ಮೂರು ಮೂರು. ವೈರನ್ನು ಮೂರೂ ತೂತಿನಲ್ಲಿ ಹಾವಿನಂತೆ ನೇಯ್ದು ಆಮೇಲೆ ಬೆಸುಗೆ ಹಾಕಿ. ಎಳೆತ ಎಲ್ಲ ತೂತುಗಳ ಮೇಲೆ ಬೀಳಬೇಕು, ಬೆಸುಗೆಯ ಮೇಲೆ ಒಂದು ಗುಲಗಂಜಿಯಷ್ಟೂ ಬೀಳಬಾರದು. ಬಯಲಿನಲ್ಲಿ ಆಂಟೆನಾ ಕೈಕೊಡುವುದು ನೂರಕ್ಕೆ ತೊಂಬತ್ತು ಪಾಲು ಇದೇ ಜಾಗದಲ್ಲಿ.

ಲಿಂಕ್‌ಗೆ ಬೆರಳುದ್ದದ ಪಿವಿಸಿ ಕಾಂಡ್ಯೂಟ್ ತುಂಡು ತಗೊಳ್ಳಿ. ಎರಡು ತುದಿಗೂ ತೂತು ಹಾಕಿ, ಒಳಗಿನ ವೈರ್ ಒಂದಕ್ಕೆ, ಹೊರಗಿನ ವೈರ್ ಇನ್ನೊಂದಕ್ಕೆ ಕಟ್ಟಿ. ಎರಡೂ ಕಡೆ ಒಂದಿಷ್ಟು ಬಾಲ ಬಿಟ್ಟು ಅದಕ್ಕೆ ಬುಲೆಟ್ ಕನೆಕ್ಟರ್ ಹಾಕಿ. ಮೊಸಳೆ ಕ್ಲಿಪ್ಪೂ ನಡೆಯುತ್ತದೆ, ಮಳೆಗೆ ತುಕ್ಕು ಹಿಡಿಯುತ್ತದೆ ಅಷ್ಟೆ. ಬಿಚ್ಚಿದಾಗಿನ ಬಾಲದ ಉದ್ದವೂ 20 ಮೀಟರ್ ಬ್ಯಾಂಡಿನ ರೆಕ್ಕೆಯ ಲೆಕ್ಕಕ್ಕೆ ಸೇರುತ್ತದೆ ಅನ್ನುವುದು ನೆನಪಿರಲಿ.

ಟ್ಯೂನ್ ಮಾಡುವಾಗ ಮೊದಲು 20, ಆಮೇಲೆ 40. ಉಲ್ಟಾ ಮಾಡಿದರೆ 20 ಸರಿ ಮಾಡಲು ಹೋಗಿ 40 ಮತ್ತೆ ಕೆಡುತ್ತದೆ. ಹ್ಯಾಮ್ ಗೆಳೆಯರ ಹತ್ತಿರ ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಸಣ್ಣ ಉಪಕರಣ) ಇದ್ದರೆ ಒಂದು ದಿನ ಕೇಳಿ ತನ್ನಿ. ಎಸ್‌ಡಬ್ಲ್ಯೂಆರ್ ಎಲ್ಲಿ ಕಮ್ಮಿ ಇದೆ ಎಂದು ನೋಡಿ. 40ರಲ್ಲಿ ಅದು 6.90ರಲ್ಲಿ ಸಿಕ್ಕಿತು ಅಂದುಕೊಳ್ಳಿ, ನಿಮಗೆ ಬೇಕಾದದ್ದು 7.10. ಈಗಿನ ಉದ್ದ 10.05ನ್ನು 6.90ರಿಂದ ಗುಣಿಸಿ 7.10ರಿಂದ ಭಾಗಿಸಿ. 9.77 ಬರುತ್ತದೆ. ಅಂದರೆ ಪ್ರತಿ ರೆಕ್ಕೆಯಲ್ಲೂ 28 ಸೆಂ.ಮೀ. ಕಡಿಮೆ ಮಾಡಬೇಕು. ಕತ್ತರಿಸದೆ ಮಡಚಿ, ಅದೇ ವೈರ್‌ಗೆ ಬಿಗಿಯಾಗಿ ಸುತ್ತಿ ಮತ್ತೆ ನೋಡಿ. 40ರಲ್ಲಿ ಎರಡೂ ಕಡೆ 1 ಸೆಂ.ಮೀ. ತೆಗೆದರೆ ಸುಮಾರು 7 ಕಿಲೋಹರ್ಟ್ಸ್ ಮೇಲೇರುತ್ತದೆ, 20ರಲ್ಲಿ 28. ಇದು ಗೊತ್ತಿದ್ದರೆ ಮೇಲಿಂದ ಕೆಳಗೆ ಹತ್ತು ಸಲ ಎಳೆದಾಡುವುದು ತಪ್ಪುತ್ತದೆ. 1.5 ಬಂದರೆ ನಿಲ್ಲಿಸಿ. 1.5ರಲ್ಲಿ ವಾಪಸಾಗುವುದು ಬರೀ 4 ಶೇಕಡಾ. 2 ಇದ್ದರೂ 11 ಶೇಕಡಾ. ಅದನ್ನು 1.1ಕ್ಕೆ ಇಳಿಸಲು ಕಳೆಯುವ ಹೊತ್ತಿನಲ್ಲಿ ಆಂಟೆನಾವನ್ನು ಇನ್ನೊಂದು ಮೀಟರ್ ಮೇಲೆತ್ತಿದರೆ ಹೆಚ್ಚು ಲಾಭ.

ಜಾಗ ಎಷ್ಟು ಬೇಕು? ನಡುವೆ 9 ಮೀಟರ್ ಎತ್ತರ, ತುದಿಗಳು 2.5 ಮೀಟರ್ ಎತ್ತರದಲ್ಲಿ ನಿಂತರೆ ಎರಡು ರೆಕ್ಕೆಗಳ ನಡುವಿನ ಕೋನ 95 ಡಿಗ್ರಿ ಆಸುಪಾಸು. ಒಂದು ತುದಿಯಿಂದ ಇನ್ನೊಂದಕ್ಕೆ 15 ಮೀಟರ್ ಒಳಗೆ. ಈ ಕೋನ 90ಕ್ಕಿಂತ ಕಡಿಮೆ ಆಗದಂತೆ ನೋಡಿಕೊಳ್ಳಿ. ರೆಕ್ಕೆ ಜಾಸ್ತಿ ಮಡಚಿಕೊಂಡಷ್ಟೂ ಎರಡೂ ಕಡೆಯ ಸಿಗ್ನಲ್ ಒಂದನ್ನೊಂದು ತಿನ್ನುತ್ತದೆ. ತುದಿಗೆ ಒಂದು ಮೀಟರ್ ನೈಲಾನ್ ದಾರ ಕಟ್ಟಿ, ಆ ದಾರವನ್ನು ಮರಕ್ಕೆ ಕಟ್ಟಿ. ವೈರ್ ಹಸಿ ಕಾಂಡಕ್ಕೆ ತಾಗಬಾರದು.

ಈಗ ದೋಟಿ. ತೋಟಗಳಲ್ಲಿ ಈಗ ಬಂದಿರುವುದು ಹೆಚ್ಚಾಗಿ ಕಾರ್ಬನ್ ಫೈಬರ್ ದೋಟಿ. ಹಗುರ, ಗಟ್ಟಿ, ನೇರ. ಆದರೆ ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಇನ್ವರ್ಟೆಡ್ ವಿ ಎತ್ತಲು ಅದನ್ನು ಬಳಸಬಹುದು, ಯಾಕೆಂದರೆ ರೆಕ್ಕೆಗಳು ಕಂಬದಿಂದ ದೂರ ದೂರ ಹೋಗುತ್ತವೆ. ನಡುವಿನ ತುಂಡನ್ನು ದೋಟಿಗೆ ಅಂಟಿಸದೆ ಒಂದು ಗೇಣು ದಾರದಲ್ಲಿ ಇಳಿಬಿಡಿ. ಆದರೆ ತಂತಿಯನ್ನು ದೋಟಿಯ ಉದ್ದಕ್ಕೂ ಸುತ್ತಿ ವರ್ಟಿಕಲ್ (ನೆಟ್ಟಗೆ ನಿಲ್ಲುವ ಆಂಟೆನಾ) ಮಾಡಲು ಹೋದರೆ ಕೆಲಸ ಕೆಡುತ್ತದೆ. ಟ್ಯೂನಿಂಗ್ ಎಲ್ಲೋ ಹೋಗುತ್ತದೆ, ಶಕ್ತಿ ಕಂಬದಲ್ಲೇ ಸೋರುತ್ತದೆ. ಅಂಥದಕ್ಕೆ ಒಣ ಬಿದಿರು ಅಥವಾ ಫೈಬರ್‌ಗ್ಲಾಸ್ ಮೀನುಗಾಳದ ಕೋಲು. ಇನ್ನು ಕಾರ್ಬನ್ ದೋಟಿ ಕರೆಂಟ್ ಲೈನ್ ಮುಟ್ಟಿದರೆ ಏನಾಗುತ್ತದೆ ಅಂತ ತೋಟದವರಿಗೆ ನಾನು ಹೇಳಬೇಕಿಲ್ಲ. ಎತ್ತುವ ಮೊದಲು ತಲೆ ಎತ್ತಿ ಸುತ್ತ ನೋಡಿ. ದೋಟಿ ಯಾವ ಕಡೆ ಬಿದ್ದರೂ ಲೈನಿಗೆ ತಾಗದಷ್ಟು ದೂರ ಇರಬೇಕು, ಅದರ ಜೊತೆ ಬೀಳುವ ತಂತಿಯೂ ತಾಗಬಾರದು.

ಮನೆಯ ಹತ್ತಿರ ಕಾಯಂ ಜಾಗ ಬೇಕೆಂದರೆ ಇನ್ನೂ ಒಳ್ಳೆಯ ದಾರಿ ಇದೆ. ಅಡಿಕೆ ಮರಕ್ಕೆ ಕೊಂಬೆ ಇಲ್ಲ, ಕಲ್ಲು ಕಟ್ಟಿ ದಾರ ಎಸೆದರೆ ನಿಲ್ಲುವುದಿಲ್ಲ. ಅಡಿಕೆ ಕೊನೆ (ಗೊನೆ) ಕೊಯ್ಯುವವರು ಮರ ಹತ್ತಿದಾಗ ಒಂದು ಸಣ್ಣ ರಾಟೆ ಕಟ್ಟಿಸಿ, ಅದರಲ್ಲಿ ನೈಲಾನ್ ಹಗ್ಗ ಪೋಣಿಸಿ ಕೆಳಗೆ ಬಿಡಲಿ. ಆಮೇಲೆ ಯಾವಾಗ ಬೇಕಾದರೂ ಬಾವಿಯ ಕೊಡ ಸೇದಿದ ಹಾಗೆ ಆಂಟೆನಾ ಮೇಲೆ ಕೆಳಗೆ ಮಾಡಬಹುದು. ಹಗ್ಗವನ್ನು ಬುಡಕ್ಕೆ ಬಿಗಿದು ಗಂಟು ಹಾಕಬೇಡಿ. ಗಾಳಿಗೆ ಅಡಿಕೆ ಮರ ತುಂಬ ತೂಗುತ್ತದೆ, ವೈರ್ ಕಿತ್ತುಬರುತ್ತದೆ. ಹಗ್ಗದ ತುದಿಗೆ ನೀರು ತುಂಬಿದ ಬಾಟಲಿ ನೇತುಹಾಕಿದರೆ ಮರ ತೂಗಿದಷ್ಟೂ ಬಾಟಲಿ ಮೇಲೆ ಕೆಳಗೆ ಆಡುತ್ತದೆ, ಎಳೆತ ಒಂದೇ ಸಮ ಇರುತ್ತದೆ.

ಟಿವಿ ಕೇಬಲ್ ಬಗ್ಗೆ ಕೇಳಿದ್ದೀರಿ. ಅದು ಆರ್‌ಜಿ-6 ಅನ್ನುವ ಕೋಯಾಕ್ಸ್ (ನಡುವೆ ಒಂದು ತಂತಿ, ಸುತ್ತ ಲೋಹದ ಬಲೆ ಇರುವ ಕೇಬಲ್), 75 ಓಮ್. ಸಂಕೋಚ ಇಲ್ಲದೆ ಬಳಸಬಹುದು. ಸೆಟ್ 50 ಓಮ್‌ನದು, ಇದು 75 ಓಮ್ ಆದ್ದರಿಂದ ಎಸ್‌ಡಬ್ಲ್ಯೂಆರ್ ಕೊಂಚ ಏರಬಹುದು, ಅದರಿಂದ ಆಗುವ ನಷ್ಟ ಕಿವಿಗೆ ಗೊತ್ತಾಗುವುದಿಲ್ಲ. ಕಷ್ಟ ಬೇರೆ ಕಡೆ ಇದೆ. ಅದರ ಹೊರ ಬಲೆ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಕೇಬಲ್‌ನವರು ಹಾಕುವ ಎಫ್ ಕನೆಕ್ಟರ್ ಒತ್ತಿಸಿ, ಅಲ್ಲಿಂದ ಅಡಾಪ್ಟರ್ ಹಾಕಬೇಕು. ಸೆಟೆದುಕೊಂಡಿರುತ್ತದೆ, ಬ್ಯಾಗಿನಲ್ಲಿ ಸುತ್ತಿಡಲು ಕಿರಿಕಿರಿ. ಹೊತ್ತೊಯ್ಯಲು ಆರ್‌ಜಿ-58 ಕೋಯಾಕ್ಸ್ ಒಳ್ಳೆಯದು. ತೆಳ್ಳಗಿನ ಆರ್‌ಜಿ-174 ಜೇಬಿನಲ್ಲಿ ಹಿಡಿಯುತ್ತದೆ ನಿಜ, ಆದರೆ 10 ಮೀಟರ್ ಉದ್ದಕ್ಕೆ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು ಐದನೇ ಒಂದು ಭಾಗ, 14ರಲ್ಲಿ ಕಾಲು ಭಾಗ ಪವರ್ ಅದರಲ್ಲೇ ಹೋಗುತ್ತದೆ. ಬೆಟ್ಟ ಹತ್ತುವವರಿಗೆ ಆ ನಷ್ಟ ಒಪ್ಪಬಹುದಾದದ್ದೇ. ತೋಟಕ್ಕೆ ಬೇಡ.

ಡೈಪೋಲ್‌ನ ನಡುವೆ ಕೋಯಾಕ್ಸ್ ಸೇರುವ ಜಾಗದಲ್ಲಿ ಒಂದು ಚೋಕ್ (ಕೇಬಲ್‌ನ ಹೊರಮೈಯಲ್ಲಿ ಕರೆಂಟ್ ಹರಿಯದಂತೆ ತಡೆಯುವ ಸುರುಳಿ) ಹಾಕಿ. ಇಲ್ಲದಿದ್ದರೆ ಕೇಬಲ್‌ನ ಹೊರಮೈಯೂ ಆಂಟೆನಾ ಆಗಿಬಿಡುತ್ತದೆ. ಮೈಕ್ ತುಟಿಗೆ ತಾಗಿದಾಗ ಚುರುಕ್ ಅನ್ನುವುದು, ಮಾತು ಗೊರಗೊರ ಆಗುವುದು ಇದರಿಂದಲೇ. ಎಫ್‌ಟಿ 140-43 ಫೆರೈಟ್ ಉಂಗುರದೊಳಗೆ ತೆಳು ಕೋಯಾಕ್ಸನ್ನು 8ರಿಂದ 10 ಸುತ್ತು ಹಾಕಿದರೆ ಆಯಿತು. ಉಂಗುರ, ಬಿಎನ್‌ಸಿಗಳನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹುಡುಕಿ, ಅಥವಾ ಆನ್‌ಲೈನ್ ತರಿಸಿ. ಕೊಳ್ಳುವಾಗ ಫೆರೈಟ್‌ನ ನಂಬರ್ ಕೇಳಿ. ಬಣ್ಣ ಬಳಿದ ಕಬ್ಬಿಣಪುಡಿಯ ಉಂಗುರ ಈ ಕೆಲಸಕ್ಕೆ ಬರುವುದಿಲ್ಲ.

ಇದು ಕೈಗೆ ಹತ್ತಿದ ಮೇಲೆ ಎರಡನೇ ಆಂಟೆನಾ ಮಾಡಿ: ತುದಿಯಿಂದ ಫೀಡ್ ಮಾಡುವ ಅರ್ಧ ಅಲೆಯ ತಂತಿ, ಇಎಫ್‌ಎಚ್‌ಡಬ್ಲ್ಯೂ. 20 ಮೀಟರ್ ವೈರ್, ಒಂದು ತುದಿ ಸೆಟ್ ಹತ್ತಿರ, ಇನ್ನೊಂದು ಮರದ ಮೇಲೆ. ಒಂದೇ ಮರ ಸಾಕು. 40, 20, 15, 10, ನಾಲ್ಕೂ ಬ್ಯಾಂಡ್ ಅದರಲ್ಲೇ ಬರುತ್ತವೆ. ತುದಿಯಲ್ಲಿ ಇಂಪೆಡೆನ್ಸ್ (ತಡೆ) ಎರಡು ಮೂರು ಸಾವಿರ ಓಮ್ ಇರುವುದರಿಂದ 49:1 ಟ್ರಾನ್ಸ್‌ಫಾರ್ಮರ್ ಬೇಕು. ಅದೇ ಎಫ್‌ಟಿ 140-43 ಉಂಗುರಕ್ಕೆ ಪ್ರೈಮರಿ 2 ಸುತ್ತು, ಸೆಕೆಂಡರಿ 14 ಸುತ್ತು. 14ನ್ನು 2ರಿಂದ ಭಾಗಿಸಿದರೆ 7, ಅದರ ವರ್ಗ 49. ಪ್ರೈಮರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್‌ನ ಹೈವೋಲ್ಟೇಜ್ ಕೆಪಾಸಿಟರ್. 0.8 ಮಿ.ಮೀ. ಎನಾಮಲ್ ತಾಮ್ರದ ವೈರ್ ನಿಮ್ಮೂರಿನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಕಟ್ಟುವ ಮೊದಲು ಪರೀಕ್ಷೆ ಮಾಡಿ: ಔಟ್‌ಪುಟ್‌ಗೆ 2.2 ಕಿಲೋಓಮ್ ಮತ್ತು 270 ಓಮ್ ರೆಸಿಸ್ಟರ್ ಸಾಲಾಗಿ ಹಾಕಿ ನ್ಯಾನೋವಿಎನ್‌ಎಯಲ್ಲಿ ನೋಡಿದರೆ 7ರಲ್ಲೂ 14ರಲ್ಲೂ ಎಸ್‌ಡಬ್ಲ್ಯೂಆರ್ 1ರ ಹತ್ತಿರ ಇರಬೇಕು. ಗ್ರೌಂಡ್ ಕಡೆಗೆ 2 ಮೀಟರ್ ವೈರ್ ಒಂದನ್ನು ಸುಮ್ನೆ ನೆಲದ ಮೇಲೆ ಬಿಡಿ. ಇದೂ ಎತ್ತರ ಕೇಳುತ್ತದೆ. ಬೇಲಿಯ ಮೇಲೆ ಎಳೆದರೆ ಈಗಿನ ಕತೆಯೇ ಮತ್ತೆ.

ನಿಮ್ಮ 9:1 ಎಸೆಯಬೇಡಿ. ಟ್ಯೂನರ್ ಜೊತೆ ಎಲ್ಲ ಬ್ಯಾಂಡ್ ಕೇಳಲು ಅದು ಉಪಯೋಗಕ್ಕೆ ಬರುತ್ತದೆ. 10 ವಾಟ್‌ನಲ್ಲಿ ಮಾತಾಡಲು ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಸ್ವಲ್ಪ ಟ್ಯೂನರ್‌ನಲ್ಲಿ, ಸ್ವಲ್ಪ ಕೋರ್‌ನಲ್ಲಿ, ಸ್ವಲ್ಪ ಕೇಬಲ್‌ನಲ್ಲಿ ಕಳೆಯುತ್ತ ಹೋಗಲು 100 ವಾಟ್‌ನವರಿಗೆ ಇರುವಷ್ಟು ಅನುಕೂಲ ನಿಮಗಿಲ್ಲ.

ಒಂದು ಮಾತು ಕರಾವಳಿಗೆ ಹೋದಾಗ. ಮಲ್ಪೆಯಲ್ಲೋ ಗೋಕರ್ಣದಲ್ಲೋ ನೀರಿನಂಚಿಗೆ ಒಣ ಬಿದಿರು ನೆಟ್ಟು, 5 ಮೀಟರ್ ವೈರನ್ನು ನೆಟ್ಟಗೆ ಕಟ್ಟಿ, ಬುಡವನ್ನು ಒಂದು ಮೀಟರ್ ಮೇಲಿಟ್ಟು, 5 ಮೀಟರ್‌ನ ಎರಡು ರೇಡಿಯಲ್ (ಬುಡದಿಂದ ಆಚೆಗೆ ಹರಡುವ ತಂತಿ) ಎಳೆದು 14 ಮೆಗಾಹರ್ಟ್ಸ್‌ನಲ್ಲಿ ಕರೆದು ನೋಡಿ. ಉಪ್ಪುನೀರು ಕೆಳಕೋನದ ಸಿಗ್ನಲ್‌ಗೆ ಕೊಡುವ ಸಹಾಯ ಬೇರೆ ಯಾವ ನೆಲವೂ ಕೊಡುವುದಿಲ್ಲ. ನಮ್ಮ ಕರಾವಳಿಯ ಎದುರಿಗೆ ಪಶ್ಚಿಮಕ್ಕೆ ಅರಬ್ ದೇಶಗಳು, ಆಫ್ರಿಕ, ವಾಯವ್ಯಕ್ಕೆ ಯುರೋಪ್ ಇವೆ. ಸಂಜೆ ಹೊತ್ತು 10 ವಾಟ್‌ಗೆ ಯುರೋಪಿನಿಂದ ಉತ್ತರ ಬಂದಾಗ ಆಗುವ ಖುಷಿ ದೊಡ್ಡದು. ಅದೇ ವರ್ಟಿಕಲ್ ಬೆಂಗಳೂರಿಗೆ ಮಾತ್ರ ಸಲ್ಲುವುದಿಲ್ಲ, ಅದು ನೆತ್ತಿಯ ಕಡೆ ಏನನ್ನೂ ಕಳಿಸುವುದಿಲ್ಲ.

ಕಟ್ಟಿ ಮುಗಿಸಿದ ಮೇಲೆ ಮೊದಲ ಕರೆಯನ್ನು ಬೆಳಗಿನ ನೆಟ್‌ನಲ್ಲಿ ಮಾಡಿ. ರಾತ್ರಿ ಮಾಡಿ ನಿರಾಸೆ ಪಡಬೇಡಿ. ಕತ್ತಲಾದ ಮೇಲೆ ಅಯಾನುಗೋಳದ ಪದರ ತೆಳುವಾಗಿ ನೇರ ಮೇಲೆ ಹೋದ 7 ಮೆಗಾಹರ್ಟ್ಸ್ ಎಷ್ಟೋ ಸಲ ವಾಪಸ್ ಬೀಳುವುದಿಲ್ಲ, ಹತ್ತಿರದವರು ಮಾಯವಾಗಿ ಸಾವಿರಾರು ಕಿ.ಮೀ. ದೂರದವರು ಕೇಳಿಸುತ್ತಾರೆ. ಹಳೆ ತಂತಿಯನ್ನು ಒಂದು ವಾರ ಹಾಗೇ ಬಿಟ್ಟಿರಿ. ಒಂದೇ ಸಂಭಾಷಣೆಯಲ್ಲಿ ಅದಕ್ಕೂ ಹೊಸದಕ್ಕೂ ಬದಲಾಯಿಸಿ, ಎದುರಿನವರಿಂದ ಎರಡಕ್ಕೂ ರಿಪೋರ್ಟ್ ಕೇಳಿ ಬರೆದಿಡಿ. ಒಂದೇ ನಿಮಿಷದಲ್ಲಿ ಬದಲಾಯಿಸಿದರೆ ಮಾತ್ರ ಹೋಲಿಕೆಗೆ ಅರ್ಥ.

ತುದಿಗಳನ್ನು ತಲೆಗಿಂತ ಎತ್ತರ ಇಡಿ ಅಂದಿದ್ದು ಸುಮ್ನೆ ಅಲ್ಲ. 10 ವಾಟ್‌ನಲ್ಲೂ ತುದಿಯಲ್ಲಿ 150 ವೋಲ್ಟ್ ಆಸುಪಾಸು ಇರುತ್ತದೆ, ಮುಟ್ಟಿದರೆ ಚರ್ಮ ಸುಡುತ್ತದೆ. ಮಕ್ಕಳು, ದನಕರು ಓಡಾಡುವ ಕಡೆ ಕಣ್ಣಿಗೆ ಬೀಳುವಂತೆ ಬಟ್ಟೆ ಚೂರು ಕಟ್ಟಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ದೂರದಲ್ಲಿ ಗುಡುಗು ಕೇಳಿದ ಕೂಡಲೇ ಮಾತು ಅರ್ಧಕ್ಕೇ ನಿಲ್ಲಿಸಿ, ಕೋಯಾಕ್ಸ್ ಸೆಟ್‌ನಿಂದ ಬಿಚ್ಚಿ ಮನೆಯ ಹೊರಗೆ ಹಾಕಿ. ತೋಟ ಬಿಟ್ಟು ಬೇರೆ ಜಾಗಕ್ಕೆ ಸೆಟ್ ಒಯ್ಯುವ ಮೊದಲು ನಿಮ್ಮ ಲೈಸೆನ್ಸ್‌ನಲ್ಲಿ ಸ್ಟೇಷನ್ ಇರುವ ಜಾಗದ ಬಗ್ಗೆ ಏನು ಷರತ್ತು ಇದೆ ಎಂದು ಓದಿಕೊಳ್ಳಿ. ಗುಡ್ಡ ಅರಣ್ಯ ಇಲಾಖೆಯದಾದರೆ ಅವರ ಅನುಮತಿಯೂ ಬೇಕು. ಈ ವಾರ ಮಾತ್ರ ಗುಡ್ಡದ ಯೋಚನೆ ಬೇಡ. ರಾಟೆ ಕಟ್ಟಿಸಿ, 20 ಮೀಟರ್ ಬ್ಯಾಂಡಿನ ರೆಕ್ಕೆಯಿಂದ ಶುರು ಮಾಡಿ.